ಪೌರಸಂಸ್ಥೆಗಳಲ್ಲಿ ಉದ್ಯೋಗಕ್ಷೇಮದ ಪ್ರಶ್ನೆ

ನಗರಸಭೆ ಎಂದೊಡನೆ ನಾಗರಿಕನ ಮನಸ್ಸಿಗೆ ಬರುವುದು ಕಂದಾಯದ ರಸೀತಿ, ಖಾತೆಯ ನಕಲು, ಕಟ್ಟಡದ ಪರವಾನಗಿ, ಸಭಾಭವನದ ವಾಗ್ವಾದ, ಇಷ್ಟೇ. ಅದು ತನ್ನ ಊರಿನ ದೊಡ್ಡ ಉದ್ಯೋಗದಾತರಲ್ಲೊಂದು ಎಂಬುದಾಗಲಿ, ಅಲ್ಲಿ ದುಡಿಯುವವರ ಕೆಲಸಗಳಲ್ಲಿ ಹಲವು ಗಿರಣಿ ಕಾರ್ಖಾನೆಗಳ ಕೆಲಸಕ್ಕಿಂತ ಕಡಿಮೆ ಅಪಾಯದವಲ್ಲ ಎಂಬುದಾಗಲಿ ಅವನ ಗಣನೆಗೆ ಬರುವುದು ಅಪೂರ್ವ. ಸೂರ್ಯೋದಯಕ್ಕೆ ಮೊದಲೇ ಹಾಜರಿ ಕೊಟ್ಟು ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕಳು, ನೀರು ಶುದ್ಧೀಕರಣದ ಮನೆಯಲ್ಲಿ ಕ್ಲೋರಿನ್ ತುಂಬಿದ ಉರುಳೆಗಳ ಪಕ್ಕದಲ್ಲಿ ರಾತ್ರಿಪಾಳಿ ಕಳೆಯುವ ನೌಕರ, ಮಳೆಗಾಲದಲ್ಲಿ ಬೀದಿದೀಪದ ಕಂಬ ಹತ್ತುವವನು, ಗಾಳಿಗೆ ಮುರಿದು ಜೋತುಬಿದ್ದ ಕೊಂಬೆಯನ್ನು ಕೊಯ್ದಿಳಿಸುವವನು, ಸೊಳ್ಳೆಗಳ ನಾಶಕ್ಕೆಂದು ಯಂತ್ರ ಹೊತ್ತು ಔಷಧದ ಹೊಗೆಯನ್ನು ಎಲ್ಲರಿಗಿಂತ ಮೊದಲು ತಾನೇ ಉಸಿರಾಡುವವನು, ಸ್ಮಶಾನದ ಕುಲುಮೆಯೆದುರು ನಿಲ್ಲುವವನು, ಒಳಚರಂಡಿಯ ಮುಚ್ಚಳ ತೆರೆಯುವವನು: ಇವರೆಲ್ಲರೂ ಒಂದೇ ಸಂಸ್ಥೆಯ ಸಂಬಳದ ಪಟ್ಟಿಯಲ್ಲಿಯೋ ಅದರ ಗುತ್ತಿಗೆದಾರನ ಪಟ್ಟಿಯಲ್ಲಿಯೋ ಇರತಕ್ಕವರು. ಕರ್ನಾಟಕದ ಮುನ್ನೂರಕ್ಕೂ ಮಿಕ್ಕ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಈ ಜನರ ಶರೀರರಕ್ಷಣೆಯ ಹೊಣೆ ಯಾರದು, ಆ ಹೊಣೆ ಹೇಗೆ ನಿರ್ವಹಿತವಾಗುತ್ತಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ನ್ಯಾಯ: ನಮ್ಮ ಪೌರಸಂಸ್ಥೆಗಳು ಸುರಕ್ಷತೆಯನ್ನು ಕೆಲಸಗಾರನಿಗೆ ಕೊಡತಕ್ಕ ಒಂದು ಪದಾರ್ಥವೆಂದು ಭಾವಿಸಿವೆಯೇ ಹೊರತು ಕೆಲಸವನ್ನು ಏರ್ಪಡಿಸತಕ್ಕ ಒಂದು ಕ್ರಮವೆಂದು ಭಾವಿಸಿಲ್ಲ.

ಈ ಪ್ರಶ್ನೆಗೆ ನಮ್ಮಲ್ಲಿ ಒಂದು ಪೂರ್ವಚರಿತ್ರೆಯುಂಟು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ ಮೈಸೂರು ಸಂಸ್ಥಾನದ ಆಡಳಿತಕ್ಕೆ ನಗರನೈರ್ಮಲ್ಯವೆಂಬುದು ಪ್ರಾಣಸಂಕಟದ ವಿಷಯವಾಯಿತು. ಬಸವನಗುಡಿ, ಮಲ್ಲೇಶ್ವರಗಳಂಥ ಹರವಾದ ಬಡಾವಣೆಗಳ ಬೆಳವಣಿಗೆಗೆ ವೇಗ ಬಂದಿತು. ಚರಂಡಿ, ಗಾಳಿ, ಬೆಳಕುಗಳ ವಿಚಾರಕ್ಕೆ ಸರ್ಕಾರದ ಕಡತಗಳಲ್ಲಿ ಮುಖ್ಯ ಸ್ಥಾನ ದೊರೆಯಿತು. ಆದರೆ ಅಂದಿನ ನೈರ್ಮಲ್ಯಶಾಸ್ತ್ರದ ದೃಷ್ಟಿಯೆಲ್ಲ ಊರಿನ ಆರೋಗ್ಯದ ಕಡೆಗೆ ತಿರುಗಿದ್ದಿತು. ಊರನ್ನು ಶುಚಿಗೊಳಿಸುವ ಕೈಗಳ ಆರೋಗ್ಯ ಆ ಶಾಸ್ತ್ರದ ಹೊರಗೇ ಉಳಿಯಿತು. ಕಾರಣವನ್ನು ಅರಸಿಕೊಂಡು ದೂರ ಹೋಗಬೇಕಾಗಿಲ್ಲ. ಆ ಕೈಗಳು ಯಾವ ಜಾತಿಗಳಿಗೆ ಸೇರಿದ್ದವೋ ಆ ಜಾತಿಗಳ ಮಂದಿ ಹಾಗೆ ದುಡಿಯುವುದು ಸಹಜವೆಂದು ಸಮಾಜ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಸಹಜವೆಂದು ತೋರಿದುದರಲ್ಲಿ ಅಪಾಯವನ್ನು ಕಾಣುವವರಾರು?

ಈ ಮೌನವನ್ನು ಕರ್ನಾಟಕದ ರಾಜಕಾರಣದಲ್ಲಿ ಮುರಿದವರು ಬಿ. ಬಸವಲಿಂಗಪ್ಪನವರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದಾಗ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು, ಭಾರತದ ಸಂಸತ್ತು ಆ ವಿಷಯದಲ್ಲಿ ಶಾಸನ ಮಾಡುವುದಕ್ಕೆ ಸುಮಾರು ಎರಡು ದಶಕಗಳಷ್ಟು ಮುಂಚಿನ ಮಾತು. ಅದೇ ಕಾಲದಲ್ಲಿ ಪೌರಕಾರ್ಮಿಕರ ಬದುಕು ಮತ್ತು ದುಡಿಮೆಯ ಸ್ಥಿತಿಗತಿಗಳನ್ನು ವಿಚಾರಿಸಲು ನೇಮಕವಾದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಐನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕನಿರಬೇಕೆಂಬುದು ಅದರ ಪ್ರಸಿದ್ಧ ಶಿಫಾರಸು. ಮುಂದೆ ಸರ್ಕಾರ ಅನುಸರಿಸಿದ ಮಾನದಂಡ ಏಳುನೂರು ಜನಕ್ಕೊಬ್ಬ ಎಂಬುದು. ಐನೂರು, ಏಳುನೂರುಗಳ ನಡುವಣ ಈ ಅಂತರವನ್ನು ಜನ ಸಾಮಾನ್ಯವಾಗಿ ನೇಮಕಾತಿಯ ಚರ್ಚೆಗೆ, ಸಂಬಳದ ವೆಚ್ಚದ ಚರ್ಚೆಗೆ ಸೇರಿಸುತ್ತಾರೆ. ವಸ್ತುತಃ ಅದು ಸುರಕ್ಷತೆಯ ಚರ್ಚೆ. ಒಬ್ಬಳು ಗುಡಿಸಬೇಕಾದ ಬೀದಿಯ ಉದ್ದ, ಅವಳು ತಳ್ಳಬೇಕಾದ ಗಾಡಿಯ ಭಾರ, ಬೆನ್ನು ಬಾಗಿರಬೇಕಾದ ಹೊತ್ತು, ವಾಹನಸಂಚಾರ ದಟ್ಟವಾಗುವ ಮುನ್ನ ಮುಗಿಸಲೇಬೇಕೆಂಬ ಅವಸರ, ಇವೆಲ್ಲವೂ ಆ ಒಂದು ಸಂಖ್ಯೆಯಿಂದ ನಿರ್ಣೀತವಾಗುತ್ತವೆ. ಕೈಗವಸು ಎಷ್ಟು ಉತ್ತಮವಾದುದಾದರೂ ಇದನ್ನು ತಿದ್ದಲಾರದು.

ಆ ವರದಿಯ ನಂತರವೂ ಹಳೆಯ ದೃಷ್ಟಿ ಅಳಿಯಲಿಲ್ಲವೆಂಬುದಕ್ಕೆ ಸವಣೂರು ಸಾಕ್ಷಿ. 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಆ ಪಟ್ಟಣದ ಭಂಗಿ ಸಮುದಾಯದವರು, ತಲೆಮಾರುಗಳಿಂದ ತಾವು ವಾಸವಾಗಿದ್ದ ನೆಲದಿಂದ ತಮ್ಮನ್ನು ಎಬ್ಬಿಸಲು ಹೊರಟ ಪುರಸಭೆಯ ಕಚೇರಿಯೆದುರಿಗೆ, ಅದೇ ಪುರಸಭೆಗಾಗಿ ತಾವು ಹೊತ್ತ ಮಲವನ್ನು ಮೈಗೆ ಬಳಿದುಕೊಂಡು ನಿಂತರು.

ಶಾಸನಗಳ ಕಡೆಗೆ ತಿರುಗಿದರೆ ಅಭಾವವೇನೂ ಕಾಣುವುದಿಲ್ಲ, ಕಾಣುವುದು ಅಸಾಂಗತ್ಯ. 1948ರ ಕಾರ್ಖಾನೆಗಳ ಶಾಸನ ನಮ್ಮ ಉದ್ಯೋಗಸುರಕ್ಷತೆಯ ಮೂಲಸ್ತಂಭವಾಗಿದ್ದಿತು. ಯಾವುದು ಉತ್ಪಾದನೆಯ ಪ್ರಕ್ರಿಯೆ ಎಂಬುದನ್ನು ವಿವರಿಸುವಾಗ ಅದು ತೈಲ, ನೀರು, ಕೊಳಚೆಗಳನ್ನು ಪಂಪಿನಿಂದ ಎತ್ತುವುದನ್ನೂ ಸೇರಿಸಿತು. ಆದಕಾರಣ ನಿಯತಸಂಖ್ಯೆಯ ಕೆಲಸಗಾರರಿರುವ ಕೊಳಚೆನೀರಿನ ಪಂಪ್‌ಮನೆ ಕಾರ್ಖಾನೆಯಾಯಿತು. ಅಲ್ಲಿ ತಿರುಗುವ ಚಕ್ರಕ್ಕೆ ಕಟಕಟೆ ಬೇಕು, ಗಾಳಿ ಬೆಳಕು ಬೇಕು, ನಿರೀಕ್ಷಕ ಬಂದು ನೋಡಬೇಕು. ಅದೇ ಕೊಳಚೆ ಪಂಪ್‌ಮನೆಯನ್ನು ತಲಪುವ ಮೊದಲು ಹರಿದುಬರುವ ಕೊಳವೆಗೆ ಬೀದಿಯ ನಡುವೆ ಇಳಿಯುವವನಿಗೆ ಆ ಶಾಸನದ ನೆರಳು ಸೋಕಲಿಲ್ಲ, ಏಕೆಂದರೆ ಬೀದಿ ಕಾರ್ಖಾನೆಯಲ್ಲ. ಅವನು ಸತ್ತರೆ ಪರಿಹಾರ ಕೊಡಲು 1923ರ ಕಾರ್ಮಿಕ ಪರಿಹಾರ ಶಾಸನ ಸಿದ್ಧವಿದ್ದಿತು. ಅದರ ಅನುಸೂಚಿ ಕೊಳಚೆಕೊಳವೆಯ ದುರಸ್ತಿಗಾರನನ್ನು ಹೆಸರಿಸಿಯೇ ಇತ್ತು. ಅಂದರೆ ಆ ಮನುಷ್ಯನ ಸಾವನ್ನು ಕಾನೂನು ಬಹುಕಾಲದಿಂದ ಬಲ್ಲದು. ಅವನ ಕೆಲಸವನ್ನು ಮಾತ್ರ ಅರಿಯದೆ ಹೋಯಿತು.

1993ರ ಶಾಸನ ಒಣ ಶೌಚಾಲಯಗಳ ನಿರ್ಮಾಣವನ್ನೂ ಮಲ ಬಳಿಯುವವರ ನೇಮಕವನ್ನೂ ನಿಷೇಧಿಸಿತು. ಅದನ್ನು ಮೊದಲು ಅಂಗೀಕರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಳಚರಂಡಿ ಮತ್ತು ಮಲಗುಂಡಿಗಳ ಅಪಾಯಕರ ಶುಚೀಕರಣವನ್ನು ನಿಷೇಧದ ವ್ಯಾಪ್ತಿಗೆ ತಂದುದು 2013ರ ಶಾಸನ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಕಟ್ಟಿ ಬೆಳೆಸಿದ ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2014ರ ಮಾರ್ಚ್ 27ರಂದು ತೀರ್ಪಿತ್ತು, 1993ರಿಂದೀಚೆಗೆ ಚರಂಡಿಗಳಲ್ಲಿ ಮಡಿದ ಪ್ರತಿಯೊಬ್ಬನ ಕುಟುಂಬಕ್ಕೂ ಹತ್ತು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಆಜ್ಞಾಪಿಸಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತ ಮೂವತ್ತು ಲಕ್ಷಕ್ಕೇರಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸತಕ್ಕದ್ದೆಂದು ಮತ್ತೊಂದು ಆಜ್ಞೆ ಹೊರಟಿತು. ಒಂದೇ ನಿಷೇಧವನ್ನು ಮೂರು ದಶಕಗಳ ಕಾಲ ಮತ್ತೆ ಮತ್ತೆ ಸಾರಬೇಕಾಗಿ ಬಂದಿತೆಂಬುದೇ ಅದರ ಪಾಲನೆ ಹೇಗಿದೆಯೆಂಬುದನ್ನು ತಿಳಿಸುತ್ತದೆ.

2013ರ ಶಾಸನದಲ್ಲಿ ಎರಡು ಸೂಕ್ಷ್ಮಗಳುಂಟು. ಸಮೀಕ್ಷಕರು ಅವುಗಳ ಮೇಲೆ ಸಾಕಷ್ಟು ಗಮನವಿತ್ತಿಲ್ಲವೆಂದು ನನಗೆ ತೋರುತ್ತದೆ. ಮೊದಲನೆಯದು: ಯಜಮಾನನು ರಕ್ಷಣೋಪಕರಣಗಳನ್ನೂ ಶುಚಿಗೊಳಿಸುವ ಸಾಧನಗಳನ್ನೂ ಒದಗಿಸದೆ, ಮುಂಜಾಗ್ರತೆಯ ಕ್ರಮಗಳನ್ನು ಪಾಲಿಸದೆ ಮಾಡಿಸಿದ ಕೈಕೆಲಸವೇ ಅಪಾಯಕರ ಶುಚೀಕರಣವೆಂದು ಆ ಶಾಸನದ ವಿವರಣೆ. ಉಪಕರಣವಿದ್ದರೆ ಅಪಾಯವಿಲ್ಲ, ಉಪಕರಣವಿಲ್ಲದಿದ್ದರೆ ಅಪಾಯ, ಎಂಬ ಭಾವನೆಗೆ ಇದರಿಂದ ಇಂಬು ದೊರೆಯಿತು. ಎರಡನೆಯದು: ಶಾಸನವನ್ನು ಜಾರಿಗೊಳಿಸುವ ಅಧಿಕಾರ ಕರ್ತವ್ಯಗಳನ್ನು ಜಿಲ್ಲಾ ದಂಡಾಧಿಕಾರಿಗೂ ಸ್ಥಳೀಯ ಸಂಸ್ಥೆಗೂ ವಹಿಸಲು ಅವಕಾಶವಿದೆ. ಚರಂಡಿ ಯಾರದೋ ಅವರೇ ಚರಂಡಿಯ ಕಾನೂನಿನ ಕಾವಲುಗಾರರೂ ಆದರೆ ಅಪರಾಧ ದಾಖಲಾಗುವುದು ಮೃತದೇಹ ಮೇಲೆ ಬಂದ ನಂತರವೇ.

ಅಪಾಯವೆಂಬುದು ಏನೆಂದು ತಿಳಿಯದೆ ನಿರ್ವಹಣೆಯ ಮಾತಾಡುವುದು ವ್ಯರ್ಥವಾದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಮುಚ್ಚಿದ ಕೊಳವೆಯಲ್ಲಿ, ಗುಂಡಿಯಲ್ಲಿ ಕೊಳಚೆ ನಿಂತಾಗ ಪ್ರಾಣವಾಯುವಿಲ್ಲದೆ ಬದುಕಬಲ್ಲ ಜೀವಾಣುಗಳು ಹೈಡ್ರೋಜನ್ ಸಲ್ಫೈಡ್, ಮೀಥೇನ್, ಇಂಗಾಲದ ಡೈ ಆಕ್ಸೈಡುಗಳನ್ನು ಉತ್ಪತ್ತಿ ಮಾಡುತ್ತವೆ. ಇವುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟಿರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದರ ಒಂದು ಭಾಗವಿದ್ದರೂ ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯುತ್ತದೆ. ಆದರೆ ನೂರು ಭಾಗವನ್ನು ಮುಟ್ಟಿದಾಗ ಘ್ರಾಣಶಕ್ತಿಯೇ ಸ್ತಬ್ಧವಾಗಿ ನಾತ ಇಲ್ಲವಾಗುತ್ತದೆ. ನಾತ ಹೋಯಿತು, ಇನ್ನು ಇಳಿಯಬಹುದು ಎಂದು ಅನುಭವಸ್ಥನಾದ ಕೆಲಸಗಾರನೂ ಭ್ರಮಿಸುವುದು ಈ ಹಂತದಲ್ಲಿ. ಐನೂರನ್ನು ದಾಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಸಾವಿರದ ಸಮೀಪದಲ್ಲಿ ಒಂದೆರಡು ಉಸಿರಾಟಕ್ಕೇ ಮನುಷ್ಯ ಕುಸಿಯುತ್ತಾನೆ. ಮೀಥೇನಿನದು ಬೇರೆ ರೀತಿ: ಅದು ವಿಷವಲ್ಲ, ಆದರೆ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ.

ಮೇಲಿನಿಂದ ದೀಪ ಇಳಿಬಿಟ್ಟು ನೋಡುವುದು, ಮುಚ್ಚಳವನ್ನು ಒಂದಷ್ಟು ಹೊತ್ತು ತೆರೆದಿಡುವುದು, ಬಕೆಟ್ಟಿನಿಂದ ನೀರು ಸುರಿಯುವುದು ಮೊದಲಾದ ರೂಢಿಯ ಉಪಾಯಗಳು ಈ ಕಾರಣದಿಂದಲೇ ಸಾಲವು. ಅನಿಲದ ಬಹುಭಾಗ ಹೂಳಿನಲ್ಲಿ ಅಡಗಿರುತ್ತದೆ. ಮೇಲೆ ನಿಂತು ಅಳೆದಾಗ ನಿರ್ಮಲವೆಂದು ಕಂಡ ಗುಂಡಿ, ಕೆಳಗಿಳಿದವನು ಸಲಿಕೆ ಹಾಕಿ ಹೂಳನ್ನು ಕದಡಿದ ಕ್ಷಣದಲ್ಲಿ ಮಾರಕವಾಗುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಎರಡನೆಯವನು, ಅವನನ್ನು ಎತ್ತಲು ಮೂರನೆಯವನು ಹೀಗೆ ಒಬ್ಬರ ಹಿಂದೊಬ್ಬರು ಇಳಿದು ಎಲ್ಲರೂ ಮಡಿದ ಪ್ರಕರಣಗಳು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿವೆಯೆಂದರೆ, ಓದುಗ ಇದನ್ನೊಂದು ವಿಧಿನಿಯಮವೆಂದೇ ಬಗೆಯತೊಡಗಿದ್ದಾನೆ. ವಿಧಿಯಲ್ಲ, ಅನಿಲಮಾಪಕ, ಗಾಳಿಯೊತ್ತುವ ಯಂತ್ರ, ಸೊಂಟಕ್ಕೆ ಕಟ್ಟಿದ ಹಗ್ಗ, ಮೇಲಿಂದ ಎತ್ತುವ ರಾಟೆ, ಯಾವ ಕಾರಣಕ್ಕೂ ಎರಡನೆಯವನು ಇಳಿಯಕೂಡದೆಂಬ ಕಟ್ಟುನಿಟ್ಟು, ಇವಿಷ್ಟರ ಅಭಾವ. ಇದಕ್ಕಿಂತ ಮಿಗಿಲಾದುದು ಮನುಷ್ಯನೇ ಇಳಿಯಬೇಕಾಗದ ಏರ್ಪಾಡು. ಜೆಟ್ಟಿಂಗ್ ಮತ್ತು ಸಕ್ಕಿಂಗ್ ಯಂತ್ರಗಳು ದಶಕಗಳಿಂದ ಬಳಕೆಯಲ್ಲಿವೆ. ಕೇರಳದ ತರುಣರು ರೂಪಿಸಿದ ಬ್ಯಾಂಡಿಕೂಟ್ ಎಂಬ ಯಂತ್ರಮಾನವ ಮ್ಯಾನ್‌ಹೋಲಿಗೆ ತಾನೇ ಕೈಯಿಳಿಸಿ ಹೂಳೆತ್ತುತ್ತದೆ. ಯಂತ್ರವಿಲ್ಲವೆಂಬುದು ಇಂದು ದೊಡ್ಡ ನಗರಗಳ ನೆಪವಾಗಲಾರದು. ಆದರೆ ಯಂತ್ರದ ಲಾರಿ ಹೋಗಲಾಗದ ಓಣಿ, ನಕ್ಷೆಯೇ ಉಳಿದಿಲ್ಲದ ಹಳೆಯ ಕೊಳವೆ, ಮಳೆನೀರನ್ನೂ ಕಟ್ಟಡದ ಕಲ್ಲುಮಣ್ಣನ್ನೂ ಒಳಚರಂಡಿಗೇ ತಳ್ಳುವ ನಾಗರಿಕ, ಇವು ಇರುವ ತನಕ ಕೊನೆಗೊಮ್ಮೆ ಮನುಷ್ಯನನ್ನು ಇಳಿಸುವ ಪ್ರಸಂಗ ಬಂದೇ ಬರುತ್ತದೆ.

ಚರಂಡಿಯ ಸಾವು ಸುದ್ದಿಯಾಗುತ್ತದೆ. ಪೊರಕೆಯ ಸವೆತ ಸುದ್ದಿಯಾಗುವುದಿಲ್ಲ. ಸಂಖ್ಯೆಯಿಂದ ನೋಡಿದರೆ ಪೌರಸಂಸ್ಥೆಯ ಉದ್ಯೋಗಕ್ಷೇಮದ ಮುಖ್ಯಪ್ರಶ್ನೆ ಇರುವುದು ಈ ಎರಡನೆಯದರಲ್ಲಿ. ರಸ್ತೆಯ ಧೂಳಿನಲ್ಲಿ ಮರಳಿನ ಸೂಕ್ಷ್ಮಕಣಗಳಿವೆ, ವಾಹನಗಳ ಮಸಿಯಿದೆ, ಒಣಗಿದ ಉಗುಳಿದೆ. ವರ್ಷಾನುಗಟ್ಟಲೆ ಅದನ್ನು ಸೇವಿಸಿದ ಶ್ವಾಸಕೋಶ ಕ್ರಮಕ್ರಮವಾಗಿ ಬಲಗುಂದುತ್ತದೆ. ಗಿಡ್ಡ ಹಿಡಿಯ ಪೊರಕೆ ಬೆನ್ನನ್ನೂ ಮಂಡಿಯನ್ನೂ ತಿನ್ನುತ್ತದೆ. ಮನೆಗಳಿಂದ ಬರುವ ಕಸದಲ್ಲಿ ಒಡೆದ ಗಾಜು, ಸಕ್ಕರೆ ಕಾಯಿಲೆಯವರು ಬಳಸಿ ಎಸೆದ ಸೂಜಿ, ಕಾಗದದಲ್ಲಿ ಸುತ್ತದೆ ಬಿಸುಟ ನ್ಯಾಪ್ಕಿನ್ನು, ಎಲ್ಲವೂ ಬೆರೆತಿರುತ್ತವೆ. ಆದಕಾರಣ ಕಸವನ್ನು ಮೂಲದಲ್ಲಿಯೇ ವಿಂಗಡಿಸುವುದೆಂಬುದು ಗೊಬ್ಬರದ ದೃಷ್ಟಿಯಿಂದ ಮಾತ್ರವಲ್ಲ, ಕೈಯ ದೃಷ್ಟಿಯಿಂದಲೂ ಅಗತ್ಯವಾದ ಕ್ರಮ. ಹೆಪಟೈಟಿಸ್ ಬಿ ಮತ್ತು ಧನುರ್ವಾಯುಗಳಿಗೆ ಲಸಿಕೆಯುಂಟು. ಇಲಿಯ ಮೂತ್ರದಿಂದ ಹರಡುವ ಜ್ವರಕ್ಕೆ ಎಚ್ಚರವೇ ಮುಖ್ಯ ರಕ್ಷೆ. ಇನ್ನು ಬೆಂಗಳೂರಿನಂಥ ನಗರದಲ್ಲಿ ಬಹುಸಂಖ್ಯೆಯ ಪೌರಕಾರ್ಮಿಕರು ಹೆಂಗಸರು. ಹೊತ್ತು ಮೂಡುವ ಮುಂಚೆ ಮನೆ ಬಿಟ್ಟು ಮಧ್ಯಾಹ್ನದವರೆಗೆ ಬೀದಿಯಲ್ಲಿರಬೇಕಾದವಳಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದಿದ್ದರೆ ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ. ಬೇಸಗೆಯಲ್ಲಿ ಅದರ ಫಲ ಮೂತ್ರಕೋಶದ ಬೇನೆಯಾಗಿ ಬರುತ್ತದೆ. ಈ ಬೇನೆ ಯಾವ ಅಪಘಾತದ ವಹಿಯಲ್ಲಿಯೂ ದಾಖಲಾಗುವುದಿಲ್ಲ. ಅದಕ್ಕೆ ಔಷಧಿ ವೈದ್ಯಶಾಲೆಯಲ್ಲಿಲ್ಲ, ಬಡಾವಣೆಯ ನಕ್ಷೆಯಲ್ಲಿದೆ.

ಹೀಗಿರುವಾಗ ಪೌರಸಂಸ್ಥೆಗಳು ಮಾಡಿಕೊಂಡು ಬಂದಿರುವುದೇನು? 2016ರ ಘನತ್ಯಾಜ್ಯ ನಿಯಮಗಳು ಸಮವಸ್ತ್ರ, ಹೊಳೆಯುವ ಅಂಗಿ, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ, ಮುಖಗವಸುಗಳನ್ನು ಕೊಡಿಸುವುದರ ಜೊತೆಗೆ ಅವು ಬಳಕೆಯಾಗುವಂತೆ ನೋಡಿಕೊಳ್ಳುವುದೂ ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದವು. ವಾಕ್ಯದ ಮೊದಲರ್ಧ ಟೆಂಡರಿಗೆ ಒಗ್ಗುವಂಥದು; ಅದನ್ನು ಎಲ್ಲೆಡೆಯಲ್ಲಿ ಓದಿದ್ದಾರೆ. ಎರಡನೆಯರ್ಧ ಮೇಲ್ವಿಚಾರಣೆಯನ್ನು ಬೇಡುತ್ತದೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಂಡ ಗಂಡಸರ ಗುಂಬೂಟು ಹೆಂಗಸಿನ ಕಾಲಿಗೆ ಸಡಿಲವಾಗಿ ಅವಳು ಮುಗ್ಗರಿಸುವುದು. ದಪ್ಪ ರಬ್ಬರಿನ ಗವಸು ಬಿಸಿಲಿನಲ್ಲಿ ಬೆವರಿ ಕೈ ಹುಣ್ಣಾಗುವುದು. ತೆಳು ಗವಸು ಎರಡನೆಯ ದಿನಕ್ಕೆ ಹರಿಯುವುದು. ಆಮೇಲೆ ಬರುವ ಅಧಿಕಾರಿಯ ದೂರು ಚಿರಪರಿಚಿತವಾದುದು: ಕೊಟ್ಟರೂ ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳದಿರುವುದಕ್ಕೆ ಕಾರಣವೇನೆಂದು ಹಾಕಿಕೊಳ್ಳತಕ್ಕವರನ್ನೇ ಕೂರಿಸಿ ಕೇಳಿ, ಮಾದರಿ ತೊಡಿಸಿ ನೋಡಿ, ಅನಂತರ ಕೊಳ್ಳುವ ಕ್ರಮ ನಮ್ಮ ಖರೀದಿಯ ನಿಯಮಗಳಿಗೆ ಇನ್ನೂ ಹೊಸತು.

ಉದ್ಯೋಗಸುರಕ್ಷತೆಯ ಶಾಸ್ತ್ರ ಒಂದು ಸೋಪಾನವನ್ನು ಹೇಳುತ್ತದೆ: ಅಪಾಯವನ್ನು ಮೊದಲು ನಿರ್ಮೂಲ ಮಾಡು, ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಿಸು, ಅದೂ ಆಗದಿದ್ದರೆ ಯಂತ್ರತಂತ್ರಗಳಿಂದ ಮನುಷ್ಯನನ್ನೂ ಅಪಾಯವನ್ನೂ ಬೇರ್ಪಡಿಸು, ಬಳಿಕ ಕೆಲಸದ ವೇಳೆ, ಪಾಳಿ, ತರಬೇತಿಗಳನ್ನು ತಿದ್ದು, ಎಲ್ಲಕ್ಕಿಂತ ಕಡೆಗೆ ಮೈಗೆ ಕವಚ ತೊಡಿಸು. ನಮ್ಮ ಪೌರಸಂಸ್ಥೆಗಳು ಕಡೆಯ ಮೆಟ್ಟಿಲಿನಿಂದ ಆರಂಭಿಸಿ ಅಲ್ಲಿಯೇ ನಿಂತಿವೆ. ಬಾವಿಗೆ ಕಟ್ಟೆ ಕಟ್ಟದೆ ಊರವರಿಗೆಲ್ಲ ಹಗ್ಗ ಹಂಚಿದಂತೆ. 2022ರ ಆಯವ್ಯಯದಲ್ಲಿ ಪೌರಕಾರ್ಮಿಕರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಸಂಕಷ್ಟ ಭತ್ಯೆ ಘೋಷಿತವಾಯಿತು. ಬಡವನ ಕೈಸೇರುವ ಹಣವನ್ನು ಹಳಿಯುವ ಎದೆ ನನಗಿಲ್ಲ, ಅದು ಬರತಕ್ಕದ್ದೇ. ಆದರೆ ಸಂಕಷ್ಟಕ್ಕೆ ಬೆಲೆ ಗೊತ್ತುಮಾಡಿದ ಮೇಲೆ ಸಂಕಷ್ಟವನ್ನು ಕಡಿಮೆ ಮಾಡುವ ಉತ್ಸಾಹ ಆಡಳಿತದಲ್ಲಿ ಉಳಿಯುವುದೇ ಎಂಬ ಶಂಕೆ ಅಸಂಗತವಲ್ಲ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆ, ಸನ್ಮಾನ, 2017ರಲ್ಲಿ ತಂಡತಂಡವಾಗಿ ಸಿಂಗಪುರಕ್ಕೆ ಕಳುಹಿಸಿದ ಅಧ್ಯಯನಪ್ರವಾಸ, ಇವುಗಳ ಸದುದ್ದೇಶವನ್ನೂ ನಾನು ಸಂದೇಹಿಸುವುದಿಲ್ಲ; ಸಿಂಗಪುರದ ಬೀದಿ ಹೇಗೆ ಗುಡಿಸಲ್ಪಡುವುದೆಂಬುದನ್ನು ಗುಡಿಸುವವರಿಗೆ ತೋರಿಸುವುದಕ್ಕಿಂತ ಟೆಂಡರು ಬರೆಯುವವರಿಗೆ ತೋರಿಸುವುದು ಹೆಚ್ಚು ಫಲಕಾರಿಯಾಗುತ್ತಿತ್ತೋ ಏನೋ.

ಟೆಂಡರಿನ ಮಾತು ಬಂದದ್ದರಿಂದ ಹೊಣೆಗಾರಿಕೆಯ ವಿಭಜನೆಯನ್ನು ನೋಡಬೇಕು. ಈ ಇಡೀ ಪ್ರಶ್ನೆಯ ಕಗ್ಗಂಟು ಇರುವುದು ಇಲ್ಲಿ. ಬೆಂಗಳೂರಿನಲ್ಲಿ ಬೀದಿ ನಗರಪಾಲಿಕೆಯದು, ಬೀದಿಯ ಕೆಳಗಿನ ಕೊಳಚೆ ಕೊಳವೆ 1964ರಲ್ಲಿ ಸ್ಥಾಪಿತವಾದ ಜಲಮಂಡಳಿಯದು, ಮಳೆನೀರಿನ ಕಾಲುವೆ ಮತ್ತೆ ಪಾಲಿಕೆಯದು, ವಸತಿ ಸಮುಚ್ಚಯದ ಆವರಣದಲ್ಲಿರುವ ಕೊಳಚೆ ಶುದ್ಧೀಕರಣದ ತೊಟ್ಟಿ ಅಲ್ಲಿನ ನಿವಾಸಿಗಳ ಸಂಘದ್ದು. ಇತರ ಪಟ್ಟಣಗಳಲ್ಲಿ ಒಳಚರಂಡಿಯನ್ನು ಕಟ್ಟುವುದು ರಾಜ್ಯಮಟ್ಟದ ಮಂಡಳಿ. ಕಟ್ಟಿ ಮುಗಿಸಿ ಅದನ್ನು ನಗರಸಭೆಗೆ ಒಪ್ಪಿಸುತ್ತದೆ. ಕಟ್ಟುವಾಗ ಮ್ಯಾನ್‌ಹೋಲುಗಳ ಅಂತರ, ಆಳ, ಬಾಯಗಲಗಳನ್ನು ಗೊತ್ತುಮಾಡುವವರು ಒಬ್ಬರು, ಅದರೊಳಗೆ ತಲೆತಲಾಂತರ ಹೂಳೆತ್ತಬೇಕಾದವರು ಮತ್ತೊಬ್ಬರು. ಇವೆಲ್ಲದರ ಮೇಲೆ ಗುತ್ತಿಗೆ. 1970ರ ಗುತ್ತಿಗೆ ಕಾರ್ಮಿಕ ಶಾಸನ ಗುತ್ತಿಗೆದಾರ ತಪ್ಪಿದರೆ ಕೂಲಿಯ ಮತ್ತು ಸೌಕರ್ಯಗಳ ಹೊಣೆಯನ್ನು ಮೂಲ ಉದ್ಯೋಗದಾತನ ಮೇಲೆ ಹೊರಿಸಿದ್ದಿತಾದರೂ, ಅತಿ ಕಡಿಮೆ ಮೊತ್ತ ಕೂಗಿದವನಿಗೆ ಕೆಲಸ ಕೊಡುವ ಪದ್ಧತಿಯಲ್ಲಿ ಅವನು ಎಲ್ಲಿ ಉಳಿಸುತ್ತಾನೆಂಬುದು ಬಹಿರಂಗರಹಸ್ಯ. ಬೆಂಗಳೂರಿನಲ್ಲಿ ಬೀದಿ ಗುಡಿಸುವವರನ್ನು ಗುತ್ತಿಗೆಯಿಂದ ಬಿಡಿಸಿ ಪಾಲಿಕೆಯೇ ನೇರವಾಗಿ ವೇತನ ಕೊಡತೊಡಗಿತು. 2022ರ ಜುಲೈ ತಿಂಗಳ ಮುಷ್ಕರದ ನಂತರ ಕಾಯಂ ನೇಮಕಾತಿಯ ಭರವಸೆ ದೊರೆಯಿತು. 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಮಿಕ್ಕವರಿಗೆ ನೇಮಕದ ಪತ್ರ ಬಂದಿತು. ಇದನ್ನು ಆರ್ಥಿಕ ನ್ಯಾಯವೆಂದಷ್ಟೇ ಎಣಿಸಬಾರದು. ನಾಳೆ ಕೆಲಸವಿರುವುದೆಂಬ ನಂಬಿಕೆಯುಳ್ಳವಳು ಮಾತ್ರವೇ ಇಂದು ಈ ಕೆಲಸ ಅಪಾಯಕರ, ನಾನು ಮಾಡಲಾರೆ ಎನ್ನಬಲ್ಲಳು. ಮೇಸ್ತ್ರಿಯ ಕಣ್ಸನ್ನೆಗೆ ಹಾಜರಿ ಕಳೆದುಕೊಳ್ಳುವವಳು ಹಾಗೆನ್ನಲಾರಳು. ಕಸದ ವಾಹನಗಳ ಚಾಲಕರೂ ಲೋಡರುಗಳೂ ಆ ಭಾಗ್ಯಕ್ಕೆ ಬಹುಕಾಲ ಹೊರಗೇ ಉಳಿದರು.

ಬೇರೆ ನಾಡಿನ ಅನುಭವವೊಂದನ್ನು ಇಲ್ಲಿ ನೋಡುವುದು ಪ್ರಯೋಜನಕರ. ಬ್ರಿಟನ್ನಿನಲ್ಲಿ 1970ರಲ್ಲಿ ನೇಮಕವಾಗಿ 1972ರಲ್ಲಿ ವರದಿಯಿತ್ತ ರಾಬೆನ್ಸ್ ಸಮಿತಿ, ಗಣಿಗೊಂದು, ಗಿರಣಿಗೊಂದು, ಅಂಗಡಿಗೊಂದು ಎಂದು ಚದುರಿಹೋಗಿದ್ದ ಕಾನೂನುಗಳ ಅತಿಶಯವೇ ಜನರಲ್ಲಿ ಉದಾಸೀನ ಹುಟ್ಟಿಸಿದೆಯೆಂದು ಕಂಡಿತು. ಆ ವರದಿಯನ್ನನುಸರಿಸಿದ 1974ರ ಶಾಸನ, ಕೆಲಸ ಎಲ್ಲಿಯೇ ನಡೆಯಲಿ, ಯಜಮಾನ ಯಾರೇ ಆಗಿರಲಿ, ಸಾಧ್ಯವಾದಮಟ್ಟಿಗೆ ಸುರಕ್ಷತೆಯನ್ನು ಏರ್ಪಡಿಸುವುದು ಅವನ ಸಾಮಾನ್ಯ ಕರ್ತವ್ಯವೆಂದು ಸಾರಿತು. ಅಲ್ಲಿನ ಪುರಸಭೆಗಳು ತಮ್ಮೂರಿನ ಅಂಗಡಿ, ಕಚೇರಿ, ಉಗ್ರಾಣಗಳನ್ನು ತಾವು ತಪಾಸಣೆ ಮಾಡುತ್ತವೆ. ಆದರೆ ಪುರಸಭೆಗಳನ್ನು ತಪಾಸಣೆ ಮಾಡುವ ಅಧಿಕಾರ ರಾಷ್ಟ್ರಮಟ್ಟದ ಪ್ರತ್ಯೇಕ ಸಂಸ್ಥೆಯದು. ಈ ಒಂದು ವ್ಯವಸ್ಥೆಯ ಬೆಲೆಯೇನೆಂಬುದು ಬ್ಯಾರೋ ಪಟ್ಟಣದಲ್ಲಿ ವ್ಯಕ್ತವಾಯಿತು. 2002ರ ಆಗಸ್ಟಿನಲ್ಲಿ ಅಲ್ಲಿನ ಪುರಸಭೆಯ ಕಲಾಭವನದ ಹವಾನಿಯಂತ್ರಣ ಯಂತ್ರದಿಂದ ಹೊರಟ ಲೀಜನೆಲ್ಲ ರೋಗಾಣು ನೂರಕ್ಕೂ ಹೆಚ್ಚು ಜನರನ್ನು ಹಿಡಿದು ಏಳು ಮಂದಿಯನ್ನು ಬಲಿ ತೆಗೆದುಕೊಂಡಿತು. ಆ ಯಂತ್ರದ ನೀರನ್ನು ಸಂಸ್ಕರಿಸುವ ಗುತ್ತಿಗೆ ಅದಕ್ಕೆ ಮುಂಚೆಯೇ ನಿಂತುಹೋಗಿದ್ದಿತು. ಪುರಸಭೆಯ ಮೇಲೆ ನರಹತ್ಯೆಯ ಆರೋಪ ಹೊರಿಸಲಾಯಿತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಸಂಸ್ಥೆಯೊಂದರ ಮೇಲೆ ಅಂಥ ಆರೋಪ ಬಂದುದು ಅದೇ ಮೊದಲು. ನರಹತ್ಯೆ ಸಿದ್ಧವಾಗಲಿಲ್ಲ, ಸುರಕ್ಷತಾ ಶಾಸನದ ಉಲ್ಲಂಘನೆಗೆ 1,25,000 ಪೌಂಡು ದಂಡವಾಯಿತು. ತನಿಖೆಯ ವರದಿ ತೋರಿಸಿದ ದೋಷಗಳು ರೋಗಾಣುವಿಗೆ ಸಂಬಂಧಿಸಿದವಲ್ಲ: ಯಾರು ಯಾರಿಗೆ ಉತ್ತರವಾದಿಯೆಂಬುದು ಸ್ಪಷ್ಟವಿರಲಿಲ್ಲ, ಬಂದ ಎಚ್ಚರಿಕೆಗಳು ಕಡತದಲ್ಲಿ ಉಳಿದವು, ಗುತ್ತಿಗೆಯ ಪತ್ರಗಳು ಅಸಮರ್ಪಕವಾಗಿದ್ದವು, ತರಬೇತಿಯಿರಲಿಲ್ಲ. ಓದಿದವರಿಗೆ ಇದು ಯಾವ ಊರಿನ ನಗರಸಭೆಯ ವರದಿಯೆಂಬ ಸಂಶಯ ಬಂದರೆ ಆಶ್ಚರ್ಯವಿಲ್ಲ.

ನಮ್ಮಲ್ಲಿ 2020ರ ಉದ್ಯೋಗ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಹದಿಮೂರು ಹಳೆಯ ಶಾಸನಗಳನ್ನು ಒಂದುಗೂಡಿಸಿ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಪತ್ರ, ಗೊತ್ತುಪಡಿಸಿದ ವರ್ಗದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯಪರೀಕ್ಷೆ, ಅಪಾಯರಹಿತವಾದ ಕೆಲಸದ ಸ್ಥಳವನ್ನು ಒದಗಿಸುವ ಸಾಮಾನ್ಯ ಕರ್ತವ್ಯ, ಇವು ಅದರಲ್ಲಿವೆ. ರಾಬೆನ್ಸನ ಛಾಯೆ ಇಲ್ಲಿ ಕಾಣುತ್ತದೆ. ಆದರೆ ಸಾಮಾನ್ಯ ಕರ್ತವ್ಯವೆಂಬುದು ಪೌರಸಂಸ್ಥೆಯೊಳಗೆ ಯಾರಾದರೊಬ್ಬರ ವಿಶೇಷ ಕರ್ತವ್ಯವಾಗುವ ತನಕ ಕಾಗದದಲ್ಲಿಯೇ ಇರುತ್ತದೆ. ಈಗ ಆರೋಗ್ಯಾಧಿಕಾರಿ ಊರಿನ ಕಸಕ್ಕೂ ಕಸ ತೆಗೆಯುವವರ ಕ್ಷೇಮಕ್ಕೂ ಏಕಕಾಲದಲ್ಲಿ ಹೊಣೆಗಾರ. ಬೀದಿ ಹನ್ನೊಂದು ಗಂಟೆಯೊಳಗೆ ಶುಚಿಯಾಗಿಲ್ಲವೆಂದು ಸದಸ್ಯರೊಬ್ಬರು ಸಭೆಯಲ್ಲಿ ಗುಡುಗಿದಾಗ ಈ ಎರಡು ಹೊಣೆಗಳಲ್ಲಿ ಯಾವುದು ಸೋಲುವುದೆಂದು ಹೇಳಬೇಕಾಗಿಲ್ಲ.

ನಿರ್ವಹಣೆಯ ಅಂಗಗಳಲ್ಲಿ ಅತ್ಯಂತ ಅಗ್ಗವಾದುದೂ ಅತ್ಯಂತ ಉಪೇಕ್ಷಿತವಾದುದೂ ದಾಖಲೆ. ನಗರಸಭೆಯಲ್ಲಿ ಪ್ರತಿಯೊಂದು ರೂಪಾಯಿಗೂ ವಹಿಯುಂಟು, ಲೆಕ್ಕಪರಿಶೋಧಕನುಂಟು, ಆಕ್ಷೇಪಣೆಯುಂಟು. ಸೂಜಿ ಚುಚ್ಚಿದ ಬೆರಳಿಗೆ, ಟಿಪ್ಪರಿನಿಂದ ಜಾರಿದ ಕಾಲಿಗೆ, ನಾಯಿ ಕಚ್ಚಿದ ಮೀನಖಂಡಕ್ಕೆ, ಕ್ಲೋರಿನ್ ಉರುಳೆಯ ಕವಾಟ ತುಸುವೇ ಸೋರಿ ಯಾರಿಗೂ ಏನೂ ಆಗದೆ ನಿಂತ ರಾತ್ರಿಗೆ ವಹಿಯಿಲ್ಲ. ಏನೂ ಆಗದ ಈ ಪ್ರಸಂಗಗಳೇ ಮುಂದೆ ಆಗಲಿರುವುದರ ಮುನ್ಸೂಚನೆಗಳಾದ್ದರಿಂದ, ಅವನ್ನು ಬರೆದಿಡುವ ಪದ್ಧತಿ ಕಾರ್ಖಾನೆಗಳಲ್ಲಿ ಬಹಳ ಹಿಂದೆಯೇ ಬೇರೂರಿತು. ಪೌರಸಂಸ್ಥೆಗೆ ಅದು ಕಷ್ಟವಾಗತಕ್ಕ ವಿಷಯವಲ್ಲ. ಹಾಜರಿ ಹಾಕುವ ಜಾಗದಲ್ಲಿಯೇ ಒಂದು ಪುಸ್ತಕವಿಟ್ಟು, ಬರೆಸಿದವರಿಗೆ ದಂಡನೆಯಿಲ್ಲವೆಂಬ ಭರವಸೆ ಕೊಟ್ಟು, ತಿಂಗಳಿಗೊಮ್ಮೆ ಅದನ್ನು ಕೆಲಸಗಾರರ ಪ್ರತಿನಿಧಿಗಳ ಎದುರಿಗೆ ಓದಿದರೆ ಸಾಕು. ಇದೇ ರೀತಿ ವಾರ್ಷಿಕ ಆರೋಗ್ಯಶಿಬಿರದ ಫಲಿತಾಂಶಗಳು ಬಿಡಿಬಿಡಿ ಚೀಟಿಗಳಾಗಿ ಕೆಲಸಗಾರರ ಕೈ ಸೇರಿ ಕಳೆದುಹೋಗದೆ ವಾರ್ಡುವಾರು ಒಂದೆಡೆ ಕೂಡಿದ್ದರೆ, ಯಾವ ಮಾರುಕಟ್ಟೆಯ ಧೂಳು ಯಾರ ಉಸಿರನ್ನು ಕುಗ್ಗಿಸುತ್ತಿದೆಯೆಂಬುದು ಕೆಲವೇ ವರ್ಷಗಳಲ್ಲಿ ತಿಳಿಯುತ್ತಿತ್ತು.

ಸಣ್ಣ ಪಟ್ಟಣಗಳ ಪಾಡು ಬೇರೆ. ಒಬ್ಬ ಮುಖ್ಯಾಧಿಕಾರಿ, ಒಬ್ಬ ಆರೋಗ್ಯ ನಿರೀಕ್ಷಕ, ಕೆಟ್ಟು ನಿಂತರೆ ಬದಲಿಯಿಲ್ಲದ ಒಂದು ಸಕ್ಕಿಂಗ್ ಯಂತ್ರ. ಇಂಥಲ್ಲಿ ಸುರಕ್ಷತಾಧಿಕಾರಿಯೆಂಬ ಹುದ್ದೆಯನ್ನು ಕೇಳುವುದು ಪರಿಹಾಸವಾದೀತು. ಗ್ರಾಮ ಪಂಚಾಯತಿಗಳಿಗಿಳಿದರೆ ನೀರುಗಂಟಿ ಒಬ್ಬನೇ ಪಂಪಿನ ವಿದ್ಯುತ್ ಪೆಟ್ಟಿಗೆಗೂ, ಎತ್ತರದ ನೀರಿನ ತೊಟ್ಟಿಯ ಏಣಿಗೂ, ಬ್ಲೀಚಿಂಗ್ ಪುಡಿಗೂ, ಚರಂಡಿಗೂ ಒಡೆಯ. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟುವ ಆ ಮನುಷ್ಯನಿಗೆ ಬೇಕಾದುದು ಸಮಿತಿಯಲ್ಲ, ನೆಲಸಂಪರ್ಕ ಸರಿಯಿರುವ ಪೆಟ್ಟಿಗೆ ಮತ್ತು ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಒಂದು ಸಾಧನ. ತಾಲ್ಲೂಕಿನ ನಾಲ್ಕಾರು ಸ್ಥಳೀಯ ಸಂಸ್ಥೆಗಳು ಕೂಡಿ ಒಬ್ಬ ತರಬೇತಾದ ಇಂಜಿನಿಯರನನ್ನು ಈ ಕಾರ್ಯಕ್ಕೆ ಹಂಚಿಕೊಳ್ಳಬಹುದು. ಅನಿಲಮಾಪಕ, ಗಾಳಿಯಂತ್ರಗಳನ್ನೂ ಹಾಗೆಯೇ.

ಉಳಿದದ್ದು ಹಣದ ಮಾತು. ಹಾಂಕಾಂಗಿನ ಸರ್ಕಾರ 1996ರಿಂದ ತನ್ನ ಲೋಕೋಪಯೋಗಿ ಗುತ್ತಿಗೆಗಳಲ್ಲಿ ಸುರಕ್ಷತೆಯ ಬಾಬುಗಳನ್ನು ದರಸ್ಪರ್ಧೆಯಿಂದ ಹೊರಗಿಟ್ಟು, ಗುತ್ತಿಗೆದಾರ ಅವನ್ನು ನಡೆಸಿದುದು ತನಿಖೆಯಿಂದ ಸಿದ್ಧವಾದ ಮೇಲೆ ಮಾತ್ರ ಆ ಹಣವನ್ನು ಕೊಡುವ ಕ್ರಮವನ್ನು ತಂದಿತು. ಕಡಿಮೆ ಕೂಗುವವನು ಕೈಗವಸಿನಲ್ಲಿ ಉಳಿಸುವ ದಾರಿ ಹೀಗೆ ಮುಚ್ಚಿತು. ಬೆಂಗಳೂರು ಮಹಾನಗರಪಾಲಿಕೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರಪಾಲಿಕೆಗಳು ಬಂದಿವೆ. ಹೊಸ ಪಾಲಿಕೆಗಳಿಗೆ ಹೊಸ ನಿಯಮಾವಳಿ, ಹೊಸ ಗುತ್ತಿಗೆಯ ನಮೂನೆ, ಹೊಸ ಲೆಕ್ಕಶೀರ್ಷಿಕೆಗಳನ್ನು ಹೇಗೂ ಬರೆಯಬೇಕಾಗುತ್ತದೆ. ಸಮವಸ್ತ್ರ ಮತ್ತು ಪರಿಕರಗಳೆಂಬ ಹಳೆಯ ಶೀರ್ಷಿಕೆಯ ಪಕ್ಕದಲ್ಲಿ ಅಪಾಯನಿವಾರಣೆಯೆಂಬ ಪ್ರತ್ಯೇಕ ಶೀರ್ಷಿಕೆಯೊಂದನ್ನು ಸೇರಿಸಿ, ಅದರಡಿಯಲ್ಲಿ ಓಣಿಗೆ ಹೋಗಬಲ್ಲ ಸಣ್ಣ ಯಂತ್ರ, ಹಾಜರಿಯ ಸ್ಥಳದಲ್ಲಿ ಶೌಚಾಲಯ, ಉದ್ದ ಹಿಡಿಯ ಪೊರಕೆ, ಲಸಿಕೆ, ಕೊಳವೆಗಳ ನಕ್ಷೆ ಇವಕ್ಕೆ ಇಂತಿಷ್ಟೆಂದು ಬರೆದು, ಖರ್ಚಾಗದೆ ಉಳಿದರೆ ಏಕೆ ಉಳಿಯಿತೆಂದು ಲೆಕ್ಕಪರಿಶೋಧಕ ಕೇಳುವಂತೆ ಮಾಡಲು ಹೊಸ ಶಾಸನವೊಂದು ಬೇಕಾಗಿಲ್ಲ. ಆಯವ್ಯಯ ಸಭೆಯ ಒಂದು ನಿರ್ಣಯ ಸಾಕು.